ಇಂಟೆಲ್ ಕಾರ್ಡ್ ನಿಂತುಹೋಗುತ್ತದಂತೆ! ಹಾಗಾದರೆ ಈಗ ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋದು?

ಇಂಟೆಲ್ ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ಮಾಡುವುದನ್ನು ಬಿಟ್ಟುಬಿಡುತ್ತದಂತೆ. ಈ ಮಾತು ಬಹಳ ದಿನದಿಂದ ಓಡಾಡುತ್ತಿದೆ. ಮೈಸೂರಿನ ಅಂಗಡಿಗೆ ಹೋಗಿ ಇಂಟೆಲ್‌ನ ಆರ್ಕ್ ಬಿ580 ಕಾರ್ಡ್ ಇದೆಯಾ ಅಂತ ಕೇಳಿ ನೋಡಿ. "ಅದು ನಿಂತೋಗುತ್ತೆ ಸಾರ್, ಸುಮ್ನೆ ರಿಸ್ಕ್ ಯಾಕೆ, ಇದು ತಗೊಳ್ಳಿ" ಅಂತ ಕೌಂಟರಿನ ಹುಡುಗ 8 ಜಿಬಿಯ ಎನ್‌ವಿಡಿಯಾ ಡಬ್ಬಿಯೊಂದನ್ನು ಮುಂದಿಡುತ್ತಾನೆ. ಅವನ ಹತ್ತಿರ ಬಿ580 ಸ್ಟಾಕೇ ಇಲ್ಲ, ಅದು ಬೇರೆ ಮಾತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿ580 ಬೇಡ ಅನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಆದರೆ ಅವುಗಳಲ್ಲಿ ಮುಕ್ಕಾಲು ಪಾಲು ನಿಮ್ಮ ಮೇಜಿನ ಕೆಳಗಿರುವ ಹಳೇ ಕ್ಯಾಬಿನೆಟ್ಟಿನೊಳಗೇ ಕೂತಿವೆ. ಇಂಟೆಲ್ ಮುಂದೆ ಏನು ಮಾಡುತ್ತದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ನಿಮ್ಮ ಪ್ರೊಸೆಸರ್ ಯಾವುದು, ಮದರ್‌ಬೋರ್ಡ್ ಯಾವುದು ಅಂತ ನೋಡಿಕೊಂಡರೆ ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ಈ ಸುದ್ದಿ ಸುಮ್ನೆ ಹುಟ್ಟಿದ್ದಲ್ಲ

ಇಂಟೆಲ್‌ಗೆ ಈ ವಿಷಯದಲ್ಲಿ ಒಳ್ಳೇ ಹೆಸರಿಲ್ಲ. 1998ರಲ್ಲಿ ಐ740 ಅನ್ನೋ ಚಿಪ್ ತಂತು, ಹೆಚ್ಚು ದಿನ ನಡೆಸಲಿಲ್ಲ. ಆಮೇಲೆ ಲ್ಯಾರಬೀ ಅಂತ ದೊಡ್ಡ ಯೋಜನೆ ಹಾಕಿಕೊಂಡಿತು. ಅದನ್ನು 2009ರ ಡಿಸೆಂಬರಿನಲ್ಲಿ, ಅಂಗಡಿಗೆ ಬರುವ ಮೊದಲೇ, ಗ್ರಾಫಿಕ್ಸ್ ಕಾರ್ಡಾಗಿ ತರುವುದಿಲ್ಲ ಅಂತ ಕೈಬಿಟ್ಟಿತು. ಮತ್ತೆ ದೊಡ್ಡದಾಗಿ ಕೈಹಾಕಿದ್ದು ಆರ್ಕ್‌ಗೆ. 2022ರ ಅಕ್ಟೋಬರಿನಲ್ಲಿ ಎ750 ಮತ್ತು ಎ770 ಬಂದಾಗ ಡೈರೆಕ್ಟ್‌ಎಕ್ಸ್ 9ರ ಹಳೇ ಆಟಗಳು ಕುಂಟುತ್ತಿದ್ದವು. ಆ ವರ್ಷದ ಕೊನೆಗೆ ಬಂದ ಡ್ರೈವರಿನಿಂದ (ಕಾರ್ಡನ್ನು ಓಡಿಸುವ ತಂತ್ರಾಂಶ) ಅದು ಎಷ್ಟೋ ಸರಿಹೋಯಿತು. ಆದರೆ ಮೊದಲ ದಿನದ ಕೆಟ್ಟ ಹೆಸರು ಅಷ್ಟು ಬೇಗ ಹೋಗುತ್ತಾ? ಗ್ರಾಫಿಕ್ಸ್ ವಿಭಾಗ ಮುನ್ನಡೆಸಿದ್ದ ರಾಜಾ ಕೊಡೂರಿ 2023ರ ಮಾರ್ಚಿನಲ್ಲಿ ಕಂಪನಿಯಿಂದ ಹೊರಟರು.

2024ರ ಅಕ್ಟೋಬರಿನ ಕೊನೆಯಲ್ಲಿ, ಆಗ ಸಿಇಒ ಆಗಿದ್ದ ಪ್ಯಾಟ್ ಗೆಲ್ಸಿಂಗರ್ ಹೂಡಿಕೆದಾರರ ಜತೆ ಮಾತಾಡುತ್ತಾ, ಇನ್ನು ಮುಂದೆ ಪ್ರತ್ಯೇಕ ಗ್ರಾಫಿಕ್ಸ್‌ನ ಅಗತ್ಯ ಕಡಿಮೆಯಾಗುತ್ತದೆ ಅನ್ನುವ ಅರ್ಥದ ಮಾತೊಂದನ್ನು ಹೇಳಿದರು. ಡಿಸೆಂಬರ್ 1ಕ್ಕೆ ಅವರೇ ಕೆಲಸದಿಂದ ಇಳಿದರು. ಡಿಸೆಂಬರ್ 3ಕ್ಕೆ ಇಂಟೆಲ್ ಬಿ580 ಘೋಷಿಸಿತು. ಯಜಮಾನ ಹೊರಟ ಎರಡೇ ದಿನಕ್ಕೆ ಹೊಸ ಕಾರ್ಡು! ವಿಚಿತ್ರ ಅಂದರೆ ಆ ಕಾರ್ಡು ಚೆನ್ನಾಗಿತ್ತು. 249 ಡಾಲರಿಗೆ 12 ಜಿಬಿ ಮೆಮೊರಿ. ಅದೇ ಮಟ್ಟದಲ್ಲಿ ಎನ್‌ವಿಡಿಯಾ ಆಗ 8 ಜಿಬಿಯ ಆರ್‌ಟಿಎಕ್ಸ್ 4060 ಕಾರ್ಡ್ ಮಾರುತ್ತಿತ್ತು.

ಸುದ್ದಿಗೆ ನಿಜವಾಗಿ ಬೆಂಕಿ ಹತ್ತಿದ್ದು 2025ರ ಸೆಪ್ಟೆಂಬರ್ 18ಕ್ಕೆ. ಎನ್‌ವಿಡಿಯಾ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹಾಕುತ್ತದೆ, ಷೇರಿಗೆ 23.28 ಡಾಲರಿನಂತೆ, ಜತೆಗೆ ಇಂಟೆಲ್ ಪ್ರೊಸೆಸರಿನ ಪಕ್ಕದಲ್ಲೇ ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಚಿಪ್ಲೆಟ್ (ಚಿಕ್ಕ ಚಿಪ್) ಕೂರಿಸಿದ ಪಿಸಿ ಚಿಪ್‌ಗಳನ್ನು ಇಬ್ಬರೂ ಸೇರಿ ಮಾಡುತ್ತಾರೆ ಅಂತ ಘೋಷಣೆ ಆಯಿತು. ಹಾಗಾದರೆ ಇಂಟೆಲ್‌ನ ಸ್ವಂತ ಗ್ರಾಫಿಕ್ಸ್ ಗತಿ ಏನು? ನಮ್ಮ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಮುಂದುವರಿಯುತ್ತದೆ, ಈ ಒಪ್ಪಂದ ಅದಕ್ಕೆ ಪೂರಕ ಅಂತ ಇಂಟೆಲ್ ಹೇಳಿತು. ಕಂಪನಿಗಳು ಇಂಥ ಹೊತ್ತಲ್ಲಿ ಇನ್ನೇನು ಹೇಳುತ್ತವೆ, ಅಲ್ವಾ?

ಇನ್ನೂ ಎರಡು ಸುಳಿವುಗಳಿವೆ. ಬಿ580ಗೆ ದೊಡ್ಡಣ್ಣನಾಗಿ ಬಿ770 ಬರುತ್ತೆ ಬರುತ್ತೆ ಅಂತ ಎಲ್ಲರೂ ಕಾಯುತ್ತಿದ್ದರು. 2026ರ ಜನವರಿಯ ಸಿಇಎಸ್ ಮೇಳದಲ್ಲೂ ಅದು ಬರಲಿಲ್ಲ. ಅಲ್ಲಿ ಬಂದದ್ದು ಲ್ಯಾಪ್‌ಟಾಪಿನ ಪ್ಯಾಂಥರ್ ಲೇಕ್, ಅದರೊಳಗಿನ ಆರ್ಕ್ ಬಿ390 ಗ್ರಾಫಿಕ್ಸ್. ಇನ್ನೊಂದು ಕಡೆ 2025ರ ಅಕ್ಟೋಬರಿನಲ್ಲಿ ಕ್ರೆಸೆಂಟ್ ಐಲ್ಯಾಂಡ್ ಅಂತ 160 ಜಿಬಿ ಮೆಮೊರಿಯ ಜಿಪಿಯು ಘೋಷಿಸಿದರು, ಅದು ಎಐ ಸರ್ವರುಗಳಿಗೆ. ಅಂದರೆ ಗ್ರಾಫಿಕ್ಸ್ ಕೆಲಸ ನಿಂತಿಲ್ಲ. ಲ್ಯಾಪ್‌ಟಾಪಿಗೆ ಇದೆ, ಸರ್ವರಿಗೆ ಇದೆ. ನಡುವೆ ಇರುವ ನಮ್ಮ ಡೆಸ್ಕ್‌ಟಾಪ್ ಗೇಮಿಂಗ್ ಕಾರ್ಡ್ ಮಾತ್ರ ಅನಾಥವಾಗಿ ಕಾಣುತ್ತಿದೆ. ಮಾರುಕಟ್ಟೆ ಅಧ್ಯಯನ ಮಾಡುವ ಜಾನ್ ಪೆಡ್ಡಿ ರಿಸರ್ಚ್ ಲೆಕ್ಕದಲ್ಲಿ 2025ರ ಎರಡನೇ ತ್ರೈಮಾಸಿಕದಲ್ಲಿ ಮಾರಾಟವಾದ ಕಾರ್ಡುಗಳಲ್ಲಿ ಶೇ. 94 ಎನ್‌ವಿಡಿಯಾ, ಶೇ. 6 ಎಎಂಡಿ. ಇಂಟೆಲ್ ಲೆಕ್ಕಕ್ಕೇ ಸಿಗಲಿಲ್ಲ. ಅಷ್ಟು ಕಡಿಮೆ ಮಾರಾಟಕ್ಕೆ ಯಾವ ಕಂಪನಿ ಎಷ್ಟು ದಿನ ದುಡ್ಡು ಸುರಿಯುತ್ತದೆ ಅನ್ನುವ ಅನುಮಾನ ಬರುವುದು ಸಹಜ.

ನಿಂತರೆ ನಿಮಗೆ ಏನಾಗುತ್ತದೆ?

ನನ್ನ ಅಕ್ಕನ ಮಗ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆ: "ಮಾವ, ತಕ್ಕೊಂಡ್ ಮ್ಯಾಕೆ ಅಪ್‌ಡೇಟ್ ಬರ್‌ದೇ ಹೋದ್ರೆ ಏನ್ ಮಾಡದು?"

ವಾರಂಟಿ ವಿಷಯ ಸುಲಭ. ಆಸ್‌ರಾಕ್ ಅಥವಾ ಸ್ಪಾರ್ಕಲ್ ಹೆಸರಿನ ಬಿ580 ಕೊಂಡರೆ ವಾರಂಟಿ ಕೊಡುವುದು ಆ ಕಾರ್ಡ್ ಕಂಪನಿ. ಇಂಟೆಲ್ ಚಿಪ್ ನಿಲ್ಲಿಸಿದ ಮಾತ್ರಕ್ಕೆ ಆ ಬಿಲ್ಲು ರದ್ದಾಗುವುದಿಲ್ಲ. ಆದರೆ ಮೂರನೇ ವರ್ಷದಲ್ಲಿ ಕಾರ್ಡ್ ಕೆಟ್ಟರೆ ಬದಲಿಗೆ ಅದೇ ಮಾದರಿ ಸಿಗುವುದು ಕಷ್ಟವಾಗಬಹುದು. ಅಷ್ಟೇ ವ್ಯತ್ಯಾಸ.

ಡ್ರೈವರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಿ580 ಒಳಗಿರುವ ಗ್ರಾಫಿಕ್ಸ್ ವಿನ್ಯಾಸದ ಹೆಸರು ಎಕ್ಸ್‌ಇ2. ಅದೇ ವಿನ್ಯಾಸ 2024ರಲ್ಲಿ ಬಂದ ಲೂನಾರ್ ಲೇಕ್ ಲ್ಯಾಪ್‌ಟಾಪ್ ಚಿಪ್‌ನಲ್ಲೂ ಇದೆ. ಅದರ ಮುಂದಿನದು ಎಕ್ಸ್‌ಇ3, ಅದು ಪ್ಯಾಂಥರ್ ಲೇಕ್‌ನಲ್ಲಿದೆ. ಆರ್ಕ್ ಕಾರ್ಡಿಗೂ ಈ ಲ್ಯಾಪ್‌ಟಾಪುಗಳಿಗೂ ಇಂಟೆಲ್ ಕೊಡುವ ವಿಂಡೋಸ್ ಡ್ರೈವರ್ ಪ್ಯಾಕೇಜ್ ಒಂದೇ. ಲ್ಯಾಪ್‌ಟಾಪ್ ಇಂಟೆಲ್‌ನ ಅನ್ನ, ಅದನ್ನು ಬಿಡುವ ಹಾಗಿಲ್ಲ. ಹೊಸ ಆಟ ಬಂದಾಗ ಅಲ್ಲಿಗೆ ಮಾಡುವ ಕೆಲಸದ ಹೆಚ್ಚಿನ ಭಾಗ ಬಿ580ಗೂ ಬರುತ್ತದೆ, ಮನೆಮಂದಿಗೆ ಮಾಡಿದ ಸಾರಿನಲ್ಲೇ ನೆಂಟನಿಗೂ ಒಂದು ಬಟ್ಟಲು ಸಿಕ್ಕ ಹಾಗೆ. ಹಾಗಾಗಿ ನಾಳೆಯೇ ಡೆಸ್ಕ್‌ಟಾಪ್ ಕಾರ್ಡ್ ನಿಂತರೂ ಡ್ರೈವರ್ ನಾಡಿದ್ದೇ ನಿಲ್ಲುತ್ತದೆ ಅನ್ನೋದನ್ನು ನಾನು ನಂಬುವುದಿಲ್ಲ.

ಹಾಗಂತ ಪೂರ್ತಿ ನೆಮ್ಮದಿಯಿಂದಲೂ ಇರಬೇಡಿ. 2025ರಲ್ಲಿ ಇಂಟೆಲ್ ತನ್ನ 11ರಿಂದ 14ನೇ ತಲೆಮಾರಿನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸನ್ನು ಹಳೇ ಪಟ್ಟಿಗೆ ಸೇರಿಸಿತು. ಅವಕ್ಕೆ ಇನ್ನು ಭದ್ರತೆಯ ತೇಪೆ, ದೊಡ್ಡ ದೋಷಗಳ ದುರಸ್ತಿ ಮಾತ್ರ, ಅದೂ ಮೂರು ತಿಂಗಳಿಗೊಮ್ಮೆ. ಹೊಸ ಆಟಕ್ಕೆ ಮೊದಲ ದಿನದ ಬೆಂಬಲ ಇಲ್ಲ. 14ನೇ ತಲೆಮಾರು ಬಂದದ್ದೇ 2023ರ ಅಕ್ಟೋಬರಿನಲ್ಲಿ! ಎರಡು ವರ್ಷಕ್ಕೇ ಹಳೇ ಪಟ್ಟಿ. ಗಾಳಿಸುದ್ದಿಗಿಂತ ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಇದು. ವಿನ್ಯಾಸ ಹಳತಾದ ಕೂಡಲೇ ಕೈಬಿಡುವ ಚಾಳಿ ಈ ಕಂಪನಿಗಿದೆ. ಬಿ580ಯನ್ನು ಮೂರು ನಾಲ್ಕು ವರ್ಷಕ್ಕೆ ಅಂತ ಲೆಕ್ಕ ಹಾಕಿ ಕೊಳ್ಳಿ, ಏಳೆಂಟು ವರ್ಷ ಓಡಿಸುವ ಆಸೆ ಇದ್ದರೆ ಬೇಡ.

ಉಳಿದವರು ಹೇಗೆ ಅಂತಲೂ ನೋಡಬೇಕಲ್ಲ. ಎಎಂಡಿ 2025ರ ಅಕ್ಟೋಬರಿನ ಕೊನೆಯಲ್ಲಿ ಆರ್‌ಎಕ್ಸ್ 5000 ಮತ್ತು 6000 ಸರಣಿಯನ್ನು ನಿರ್ವಹಣೆಯ ಹಂತಕ್ಕೆ ತಳ್ಳುತ್ತೇವೆ ಅಂತ ಹೇಳಿ ಬೈಸಿಕೊಂಡಿತು. ಆಮೇಲೆ ಇಲ್ಲ ಇಲ್ಲ, ಆಟಗಳ ಬೆಂಬಲ ಇರುತ್ತದೆ ಅಂತ ಸಮಜಾಯಿಷಿ ಕೊಟ್ಟಿತು. ಆರ್‌ಎಕ್ಸ್ 6600 ಬಂದು ಆಗಿನ್ನೂ ನಾಲ್ಕೇ ವರ್ಷ. ಎನ್‌ವಿಡಿಯಾ ದುಬಾರಿ, ಮೆಮೊರಿಯಲ್ಲಿ ಜಿಪುಣ, ಎಲ್ಲ ಸರಿ. ಆದರೆ 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಗೆ ಆಟದ ಡ್ರೈವರ್ ಕೊಡುತ್ತಾ ಬಂದು ನಿಲ್ಲಿಸಿದ್ದು 2025ರ ಅಕ್ಟೋಬರಿನಲ್ಲಿ. ಭದ್ರತೆಯ ಅಪ್‌ಡೇಟ್ 2028ರವರೆಗೂ ಇದೆ. ಒಂಬತ್ತು ವರ್ಷ! ಈ ಒಂದು ವಿಷಯದಲ್ಲಿ ಅವರ ಹತ್ತಿರ ಯಾರೂ ಬರುವುದಿಲ್ಲ.

ಲಿನಕ್ಸ್ ಬಳಸುವವರು ಈ ಚಿಂತೆಯನ್ನೇ ಬಿಡಬಹುದು. ಇಂಟೆಲ್‌ನ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೇ ಇದೆ, ಅದರ ಜತೆ ಬೇಕಾದ ಮೆಸಾ ಅನ್ನೋ ಗ್ರಾಫಿಕ್ಸ್ ಭಾಗ ಕೂಡ ಮುಕ್ತ ತಂತ್ರಾಂಶ. ಕಂಪನಿ ಬಿಟ್ಟರೂ ಕೋಡ್ ಅಲ್ಲೇ ಇರುತ್ತದೆ, ಬೇರೆಯವರು ಮುಂದುವರಿಸಬಹುದು.

ಒಂದು ನಷ್ಟ ಮಾತ್ರ ಖಂಡಿತ. ಇಂಟೆಲ್ ನಿಲ್ಲಿಸಿದೆ ಅಂತ ಅಧಿಕೃತವಾಗಿ ಗೊತ್ತಾದ ದಿನ ಸೆಕೆಂಡ್ ಹ್ಯಾಂಡ್ ಬೆಲೆ ಬಿದ್ದುಹೋಗುತ್ತದೆ. ಎರಡು ವರ್ಷ ಆಡಿ ಮಾರಿ ಹೊಸದು ಕೊಳ್ಳುವ ಅಭ್ಯಾಸ ಇರುವವರು ಇದನ್ನು ಈಗಲೇ ಬೆಲೆಗೆ ಸೇರಿಸಿಕೊಳ್ಳಿ.

ಕಾರ್ಡುಗಳು ಮುಖಾಮುಖಿ

ರೂಪಾಯಿ ಬೆಲೆ ವಾರಕ್ಕೊಂದು ಥರ ಆಗುತ್ತಿದೆ, ಅದಕ್ಕೆ ಬಿಡುಗಡೆಯ ಡಾಲರ್ ಬೆಲೆಯನ್ನೇ ಇಟ್ಟುಕೊಂಡು ಹೋಲಿಸುತ್ತೇನೆ. ಮೇಲೆ ಶೇ. 18 ಜಿಎಸ್‌ಟಿ, ಆಮದಿನ ಖರ್ಚು, ಅಂಗಡಿಯವರ ಲಾಭ ಎಲ್ಲ ಸೇರಿ ನಮ್ಮ ಕೈಗೆ ಬರುತ್ತದೆ. ಬಿ580ಗೆ 249 ಡಾಲರ್, 12 ಜಿಬಿ, 190 ವ್ಯಾಟ್. ಆರ್‌ಟಿಎಕ್ಸ್ 5060ಗೆ (ಎನ್‌ವಿಡಿಯಾ) 299 ಡಾಲರ್, 8 ಜಿಬಿ, 145 ವ್ಯಾಟ್. ಆರ್‌ಎಕ್ಸ್ 9060 ಎಕ್ಸ್‌ಟಿ (ಎಎಂಡಿ) ಎರಡು ಥರ ಬರುತ್ತದೆ, 8 ಜಿಬಿಯದು 299, 16 ಜಿಬಿಯದು 349. ಇಂಟೆಲ್‌ನಲ್ಲೇ ಇನ್ನೂ ಕಡಿಮೆಗೆ ಬೇಕು ಅಂದರೆ ಬಿ570 ಇದೆ, 219 ಡಾಲರಿಗೆ 10 ಜಿಬಿ. ಅದಕ್ಕೂ ಬಿ580ಗೂ ಅಂಗಡಿಯಲ್ಲಿ ಎರಡು ಮೂರು ಸಾವಿರದ ವ್ಯತ್ಯಾಸ ಮಾತ್ರ ಇದ್ದರೆ ಬಿ580ಯನ್ನೇ ತಗೊಳ್ಳಿ.

ಬರೀ ವೇಗ ನೋಡಿದರೆ, ಒಳ್ಳೇ ಪ್ರೊಸೆಸರ್ ಜತೆ, 5060 ಬಿ580ಗಿಂತ ಮುಂದಿದೆ. 9060 ಎಕ್ಸ್‌ಟಿ 16 ಜಿಬಿ ಇವೆರಡಕ್ಕಿಂತ ಮುಂದೆ. ಆದರೆ 5060ಯ 8 ಜಿಬಿ ನನಗೆ ಹಿಡಿಸುವುದಿಲ್ಲ. 1080ಪಿಯಲ್ಲಿ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಆಡುವವರಿಗೆ ಅದು ಧಾರಾಳ ಆಯಿತು. ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ ಗುಣಮಟ್ಟ ಮೇಲಿಟ್ಟು ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ತೋರಿಸುವುದು) ಹಾಕಿದರೆ 8 ಜಿಬಿ ತುಂಬಿಹೋಗುತ್ತದೆ. ತುಂಬಿದ ಮೇಲೆ ಉಳಿದದ್ದನ್ನು ಕಾರ್ಡು ಸಿಸ್ಟಮ್ಮಿನ ರ್‍ಯಾಮಿನಿಂದ ಎಳೆದು ತರಬೇಕು. ಆಗ ಚಿತ್ರ ತಡೆತಡೆದು ಬರುತ್ತದೆ. ಸರಾಸರಿ ಫ್ರೇಮ್ ಚೆನ್ನಾಗಿಯೇ ಕಂಡರೂ ಕೈಗೆ ಮಾತ್ರ ಕಿರಿಕಿರಿ.

ಅಪ್‌ಸ್ಕೇಲಿಂಗಿನಲ್ಲಿ, ಅಂದರೆ ಸಣ್ಣ ಚಿತ್ರವನ್ನು ಹಿಗ್ಗಿಸಿ ವೇಗ ಉಳಿಸುವುದರಲ್ಲಿ, ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇವತ್ತಿಗೂ ಹೆಚ್ಚು ಆಟಗಳಲ್ಲಿದೆ, ಚಿತ್ರವೂ ಚೊಕ್ಕ. ಎಎಂಡಿಯ ಎಫ್‌ಎಸ್‌ಆರ್ 4 ಹತ್ತಿರ ಬಂದಿದೆ, ಅದು ಅಧಿಕೃತವಾಗಿ 9000 ಸರಣಿಗೆ. ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಗುಣದಲ್ಲಿ ಒಳ್ಳೆಯದೇ, ಆದರೆ ಅದಿರುವ ಆಟಗಳು ಕಡಿಮೆ. ಗಾಳಿಸುದ್ದಿ ನಿಜವಾದರೆ ಮೊದಲು ಸೊರಗುವುದು ಇದೇ ಇರಬೇಕು. ಆಟ ಮಾಡುವ ಕಂಪನಿಗಳು ಯಾರೂ ಕೊಳ್ಳದ ಕಾರ್ಡಿಗೆ ಯಾಕೆ ಶ್ರಮ ಹಾಕುತ್ತವೆ?

ಮೊದಲು ನಿಮ್ಮ ಹಳೇ ಸಿಸ್ಟಮ್ ನೋಡಿ

ಸುದ್ದಿ, ಬೆಲೆ ಎಲ್ಲಕ್ಕಿಂತ ಮುಖ್ಯ ಇದು. ಅಂಗಡಿಯವರು ಇದನ್ನು ಕೇಳುವುದೇ ಇಲ್ಲ.

ಆರ್ಕ್ ಕಾರ್ಡಿಗೆ ರೀಸೈಜಬಲ್ ಬಾರ್ ಅನ್ನೋ ಸೌಲಭ್ಯ ಬೇಕೇ ಬೇಕು. ಅದು ಇಲ್ಲದಿದ್ದರೆ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು 256 ಎಂಬಿಯ ಸಣ್ಣ ಕಿಂಡಿಯಿಂದಲೇ ನೋಡಬೇಕು. ಬೇರೆ ಕಾರ್ಡುಗಳಿಗೆ ಇದರಿಂದ ಸ್ವಲ್ಪ ನಷ್ಟ, ಆರ್ಕ್‌ಗೆ ಬಹಳ ನಷ್ಟ. ಇಂಟೆಲ್ ಅಧಿಕೃತವಾಗಿ ಹೇಳುವುದು ತನ್ನ 10ನೇ ತಲೆಮಾರು ಅಥವಾ ಮೇಲಿನದು, ಎಎಂಡಿಯಲ್ಲಿ ರೈಜನ್ 3000 ಅಥವಾ ಮೇಲಿನದು. 2018-19ರಲ್ಲಿ ಕೊಂಡ ಐ5-8400, 9400ಎಫ್, ರೈಜನ್ 5 2600 ಇರುವವರು ಬಿ580ಯನ್ನು ಮರೆತುಬಿಡಿ. ಇಂಟೆಲ್ ಇನ್ನೂ ನೂರು ವರ್ಷ ಕಾರ್ಡ್ ಮಾಡುತ್ತೇನೆ ಅಂತ ಬರೆದುಕೊಟ್ಟರೂ ನಿಮಗೆ ಬೇಡ.

ಸೌಲಭ್ಯ ಇರುವವರೂ ಅದು ಆನ್ ಇದೆಯಾ ಅಂತ ನೋಡಬೇಕು. ಬಯಾಸ್‌ಗೆ (ಸಿಸ್ಟಮ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಹೋಗಿ ಅಬೋವ್ 4ಜಿ ಡಿಕೋಡಿಂಗ್ ಆನ್ ಮಾಡಿ, ಅದರ ಕೆಳಗೆ ರೀಸೈಜ್ ಬಾರ್ ಕಾಣಿಸುತ್ತದೆ, ಅದನ್ನೂ ಆನ್ ಮಾಡಿ, ಹಳೇ ಥರ ಬೂಟ್ ಮಾಡಲು ಇರುವ ಸಿಎಸ್‌ಎಂ ಅನ್ನೋದನ್ನು ಆಫ್ ಮಾಡಿ. ಇಲ್ಲೊಂದು ಬಲೆ ಇದೆ. ಹಳೇ ಕಾಲದ ಎಂಬಿಆರ್ ಡಿಸ್ಕಿನಲ್ಲಿ ವಿಂಡೋಸ್ ಹಾಕಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಸಿಸ್ಟಮ್ ಬೂಟ್ ಆಗುವುದಿಲ್ಲ. ಹೊಸ ಕಾರ್ಡೇ ಕೆಟ್ಟಿದೆ ಅಂತ ಜನ ಅಂಗಡಿಗೆ ಓಡುತ್ತಾರೆ. ಮೊದಲೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕ್ ಎಂಬಿಆರ್ ಇದೆಯಾ, ಹೊಸ ಥರದ ಜಿಪಿಟಿ ಇದೆಯಾ ನೋಡಿ. ಎಂಬಿಆರ್ ಇದ್ದರೆ ಬೇಕಾದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು, ವಿಂಡೋಸಿನದೇ ಎಂಬಿಆರ್2ಜಿಪಿಟಿ ಕಮಾಂಡ್ ಬಳಸಿ ಬದಲಾಯಿಸಿ, ಆಮೇಲೆ ಬಯಾಸ್ ಮುಟ್ಟಿ.

ಎರಡನೆಯದು ಪ್ರೊಸೆಸರಿನ ಮೇಲೆ ಬೀಳುವ ಭಾರ. ಬಿ580ಯ ಡ್ರೈವರ್ ಪ್ರೊಸೆಸರಿನಿಂದ ಜಾಸ್ತಿ ಕೆಲಸ ತೆಗೆಯುತ್ತದೆ. 2025ರ ಜನವರಿಯಲ್ಲಿ ಯೂಟ್ಯೂಬ್ ಚಾನೆಲ್‌ಗಳಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್, ಹಾರ್ಡ್‌ವೇರ್ ಕೆನಕ್ಸ್‌ನವರು ಹಳೇ ಪ್ರೊಸೆಸರುಗಳ ಜತೆ ಇಟ್ಟು ಪರೀಕ್ಷಿಸಿದಾಗ ಇದು ಬಯಲಾಯಿತು. ರೈಜನ್ 9800ಎಕ್ಸ್3ಡಿ ಜತೆ 4060ಯನ್ನು ಹಿಂದಿಕ್ಕುತ್ತಿದ್ದ ಕಾರ್ಡು ರೈಜನ್ 5 5600ರಲ್ಲೇ ಕೆಲವು ಆಟಗಳಲ್ಲಿ ಅದಕ್ಕಿಂತ ಹಿಂದೆ ಬಿತ್ತು. ರೈಜನ್ 2600ರಲ್ಲಂತೂ ಕೇಳುವುದೇ ಬೇಡ. ಆಮೇಲಿನ ಡ್ರೈವರುಗಳಿಂದ ಕೆಲವು ಆಟಗಳಲ್ಲಿ ಸುಧಾರಿಸಿದೆ, ಪೂರ್ತಿ ಹೋಗಿಲ್ಲ. ವಿಪರ್ಯಾಸ ನೋಡಿ, ಕಡಿಮೆ ದುಡ್ಡಿನ ಕಾರ್ಡು ಕೊಳ್ಳುವವರ ಬಳಿ ಇರುವುದು ಹಳೇ ಪ್ರೊಸೆಸರೇ. ಅಮೆರಿಕದ ರಿವ್ಯೂ ನೋಡಿ, ಅಲ್ಲಿನ ಟೆಸ್ಟ್ ಬೆಂಚಿನ ಅಂಕಿ ನಂಬಿ ಇಲ್ಲಿ ಕೊಂಡರೆ ಆ ವೇಗ ಸಿಗುವುದಿಲ್ಲ.

ಮೂರನೆಯದನ್ನು ಮೈಸೂರು ಮಂಡ್ಯದ ಹಾಸ್ಟೆಲ್ ಹುಡುಗರು ಮುಖ್ಯವಾಗಿ ಓದಿ. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್ ಸಿಗದೇ, ಸಿಕ್ಕರೂ ಎರಡರಷ್ಟು ಬೆಲೆ ಇದ್ದಾಗ, ಎಷ್ಟೋ ಮಂದಿ ರೈಜನ್ 5 5600ಜಿ ಹಾಕಿಸಿಕೊಂಡು, ಕಾರ್ಡ್ ಆಮೇಲೆ ನೋಡೋಣ ಅಂತ ಬಿಟ್ಟರು. ಆ ಪ್ರೊಸೆಸರ್ ಯಾವ ಬೋರ್ಡಿನಲ್ಲಿದ್ದರೂ ಪಿಸಿಐಇ 3.0 ಮಾತ್ರ ಕೊಡುತ್ತದೆ, ಪಿಸಿಐಇ ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ. ಎಎಂಡಿಯ ಹಳೇ ಬಿ450 ಬೋರ್ಡುಗಳೂ ಅಷ್ಟೇ, ಐ5-10400 ಕೂಡ ಅಷ್ಟೇ. ಬಿ580 ಮತ್ತು 5060 ಎರಡೂ ಎಂಟೇ ಲೇನ್ ಬಳಸುತ್ತವೆ. ಪಿಸಿಐಇ 3.0ದಲ್ಲಿ ಎಂಟು ಲೇನ್ ಅಂದರೆ ದಾರಿ ಕಿರಿದು. 5060ಯ 8 ಜಿಬಿ ತುಂಬಿ ಹೊರಗಿನಿಂದ ಎಳೆಯಬೇಕಾದಾಗ ಈ ಕಿರಿದಾರಿಯಲ್ಲೇ ಎಲ್ಲ ಬರಬೇಕು. 9060 ಎಕ್ಸ್‌ಟಿಗೆ ಪೂರ್ತಿ 16 ಲೇನ್ ಇದೆ. ಹಾಗಾಗಿ 5600ಜಿ ಇರುವವರಿಗೆ ನನ್ನ ಉತ್ತರ ಒಂದೇ, 9060 ಎಕ್ಸ್‌ಟಿ 16 ಜಿಬಿ. ಅಷ್ಟು ದುಡ್ಡಿಲ್ಲ ಅಂದರೆ ನೋಡಿ ಪರೀಕ್ಷಿಸಿದ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ತಗೊಂಡು ಮುಂದಿನ ಸಲ ಇಡೀ ಸಿಸ್ಟಮ್ ಬದಲಾಯಿಸಿ.

ಹೊಸದಾಗಿ ಕಟ್ಟಿಸುತ್ತಿದ್ದೀರಾ? ರೈಜನ್ 7600 ಅಥವಾ ಇಂಟೆಲ್ 12400ಎಫ್‌ಗಿಂತ ಮೇಲಿನದು, ಬಜೆಟ್ ಬಿಗಿ, 1440ಪಿ ಮಾನಿಟರ್? ಆಗ ಬಿ580 ನಿಜವಾಗಲೂ ಒಳ್ಳೇ ಕಾರ್ಡು. ಸುದ್ದಿಗೆ ಹೆದರಿ ಅದೇ ದುಡ್ಡಿಗೆ 8 ಜಿಬಿಯ ಆರ್‌ಟಿಎಕ್ಸ್ 5050 ಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಆಟ ಬಿಟ್ಟು ಬೇರೆ ಕೆಲಸಕ್ಕೆ

ಮಂಡ್ಯ, ಶ್ರೀರಂಗಪಟ್ಟಣ ಕಡೆ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರಿಗೆ ಆರ್ಕ್ ಇಷ್ಟವಾಗಬಹುದು. ಸೋನಿ ಎ7 4ರಂಥ ಕ್ಯಾಮೆರಾದಲ್ಲಿ 10 ಬಿಟ್ 4:2:2 ಎಚ್.265ನಲ್ಲಿ ಶೂಟ್ ಮಾಡಿ ತಂದರೆ ಟೈಮ್‌ಲೈನಿನಲ್ಲಿ ಧಾರೆಯ ಕ್ಲಿಪ್ ಎಳೆದ ಕೂಡಲೇ ಸಿಸ್ಟಮ್ ನಿಂತುಬಿಡುತ್ತದೆ ಅನ್ನೋದು ಎಲ್ಲರ ದೂರು. ಈ ಥರದ ಫೈಲನ್ನು ಬಿಚ್ಚುವ ಯಂತ್ರಾಂಶ ಆರ್ಕ್ ಕಾರ್ಡುಗಳಲ್ಲಿ ಮೊದಲಿಂದ ಇದೆ. ಎನ್‌ವಿಡಿಯಾದಲ್ಲಿ ಬಂದದ್ದು 50 ಸರಣಿಯಿಂದ. ಆದರೆ ನಿಲ್ಲಿ, ಕಾರ್ಡಿಗೆ ಓಡಬೇಡಿ. ನಿಮ್ಮ ಪ್ರೊಸೆಸರ್ ಇಂಟೆಲ್ 12400 ಇದ್ದು, ಹೆಸರಿನ ಕೊನೆಗೆ ಎಫ್ ಇಲ್ಲದಿದ್ದರೆ, ಅದರೊಳಗಿನ ಕ್ವಿಕ್ ಸಿಂಕ್ ಅನ್ನೋ ವಿಡಿಯೋ ಭಾಗ ಇದೇ ಕೆಲಸ ಮಾಡುತ್ತದೆ. ಬಯಾಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿ, ಎಡಿಟಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಅದನ್ನು ಟಿಕ್ ಮಾಡಿದರೆ ಎಷ್ಟೋ ಮಂದಿಗೆ ಹೊಸ ಕಾರ್ಡಿನ ಖರ್ಚೇ ಉಳಿಯುತ್ತದೆ. ವಿಡಿಯೋ ಫೈಲ್ ಕುಗ್ಗಿಸುವ ಎವಿ1 ಎನ್‌ಕೋಡಿಂಗ್ ಈಗ ಮೂರೂ ಕಂಪನಿಗಳ ಕಾರ್ಡಿನಲ್ಲಿದೆ, ಅದು ಲೆಕ್ಕಕ್ಕಿಲ್ಲ.

ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವ ಎನ್‌ಐಇ, ವಿದ್ಯಾವರ್ಧಕ, ಪಿಇಎಸ್ ಹುಡುಗರು ಹುಡುಗಿಯರು ಎನ್‌ವಿಡಿಯಾ ತಗೊಳ್ಳಿ, ಸಾಧ್ಯವಾದರೆ 5060 ಟಿಐ 16 ಜಿಬಿ. ಈ ಕೆಲಸಕ್ಕೆ ಬಳಸುವ ಪೈಟಾರ್ಚ್ ತಂತ್ರಾಂಶ ಇಂಟೆಲ್ ಕಾರ್ಡಿನಲ್ಲೂ ಓಡುತ್ತದೆ, 2024ರ ಕೊನೆಯಿಂದ ಅದಕ್ಕೆ ನೇರ ಬೆಂಬಲ ಇದೆ. ಆದರೆ ನೀವು ಇಳಿಸಿಕೊಳ್ಳುವ ಬೇರೆಯವರ ಕೋಡ್ ಎಲ್ಲ ಎನ್‌ವಿಡಿಯಾದ ಸಿಯುಡಿಎ (CUDA) ತಂತ್ರಾಂಶ ಇದೆ ಅಂದುಕೊಂಡೇ ಬರೆದದ್ದು. ಸಬ್‌ಮಿಷನ್ ಹಿಂದಿನ ರಾತ್ರಿ ಅದನ್ನು ತಿದ್ದುತ್ತಾ ಕೂರುವ ಕರ್ಮ ಯಾರಿಗೆ ಬೇಕು.

ಕರೆಂಟಿನ ಲೆಕ್ಕ

ಬಿ580 ಸುಮ್ನೆ ಕೂತಾಗಲೂ ಕರೆಂಟ್ ತಿನ್ನುತ್ತದೆ, ಸರಿಯಾಗಿ ಸೆಟ್ಟಿಂಗ್ ಮಾಡದಿದ್ದರೆ 30 ವ್ಯಾಟಿನ ಆಸುಪಾಸು. ಬಯಾಸ್‌ನಲ್ಲಿ ಕರೆಂಟ್ ಉಳಿಸುವ ಎಎಸ್‌ಪಿಎಂ ಆನ್ ಮಾಡಿ ಎಲ್1 ಆರಿಸಬೇಕು, ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟನ್ನು ಗರಿಷ್ಠ ಉಳಿತಾಯಕ್ಕೆ ಇಡಬೇಕು. ಆಗ ಇಳಿಯುತ್ತದೆ. ಬೇರೆ ಕಾರ್ಡಿಗಿಂತ 25 ವ್ಯಾಟ್ ಜಾಸ್ತಿ ಅಂತಲೇ ಹಿಡಿಯಿರಿ, ದಿನಕ್ಕೆ ಎಂಟು ಗಂಟೆ ಸಿಸ್ಟಮ್ ಆನ್ ಇದ್ದರೆ ತಿಂಗಳಿಗೆ ಆರು ಯೂನಿಟ್. ದುಡ್ಡಲ್ಲಿ ದೊಡ್ಡದಲ್ಲ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯಲ್ಲಿ ಮಾತ್ರ ಅಪ್ಪ ಸೆಸ್ಕ್ ಬಿಲ್ ಹಿಡಿದು ರೂಮಿಗೆ ಬರಬಹುದು.

ಅದಕ್ಕಿಂತ ಯುಪಿಎಸ್ ನೋಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಅಂದರೆ ಸುಮಾರು 360 ವ್ಯಾಟ್. ಬಿ580, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಆಟದ ಮಧ್ಯೆ ಅದರ ಹತ್ತಿರ ಹೋಗುತ್ತವೆ, ಕರೆಂಟ್ ಹೋದ ಕ್ಷಣ ಯುಪಿಎಸ್ ಕೀ ಅಂತ ಕೂಗಿ ಕೈಕೊಡುತ್ತದೆ. ಹಳ್ಳಿ ಕಡೆ ಇರುವವರು ಒಂದೋ ಸಾವಿರ ವಿಎ ಹಾಕಿಸಿ, ಇಲ್ಲ 145 ವ್ಯಾಟಿನ 5060 ಕಡೆ ನೋಡಿ. ಪವರ್ ಸಪ್ಲೈ ಕ್ಯಾಬಿನೆಟ್ ಜತೆ ಬಿಟ್ಟಿ ಬಂದದ್ದಾದರೆ ಕಾರ್ಡಿಗೆ ಮೊದಲು ಅದನ್ನು ಬದಲಾಯಿಸಿ. ಬಿ580ಗೆ ಇಂಟೆಲ್ ಹೇಳುವುದು 600 ವ್ಯಾಟಿನ ಪವರ್ ಸಪ್ಲೈ.

ಕಾಯಬೇಕಾ?

ಸುದ್ದಿ ತಿಳಿಯಾಗಲಿ ಅಂತ ಕಾಯುವುದರಲ್ಲಿ ನನಗೆ ಅರ್ಥ ಕಾಣುತ್ತಿಲ್ಲ. ಇಂಥ ವಿಷಯದಲ್ಲಿ ಕಂಪನಿಗಳು ನಿಲ್ಲಿಸಿದೆವು ಅಂತ ಡಂಗುರ ಸಾರುವುದಿಲ್ಲ, ಮುಂದಿನ ಕಾರ್ಡು ಬರುವುದೇ ಇಲ್ಲ, ಅಷ್ಟೇ. ಇನ್ನೊಂದು ಕಡೆ ಎಐ ಸರ್ವರುಗಳು ಮೆಮೊರಿ ಚಿಪ್ಪನ್ನೆಲ್ಲ ನುಂಗುತ್ತಿವೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದೀರಿ. ಆ ಡಿಸೆಂಬರಿನಲ್ಲಿ ಮೆಮೊರಿ ಚಿಪ್ ಮಾಡುವ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುತ್ತೇನೆ ಅಂತ ಹೇಳಿತು. ಇದರ ಬಿಸಿ ಮೊದಲು ತಟ್ಟುವುದು 12 ಜಿಬಿ, 16 ಜಿಬಿ ಕಾರ್ಡುಗಳಿಗೆ. ಈಗ ಬೇಕಿದ್ದರೆ ಈಗ ಕೊಳ್ಳಿ, ಬೇಡದಿದ್ದರೆ ಬಿಡಿ.

ಬಿ580ಯನ್ನೇ ಆರಿಸಿದರೆ ಕೊಳ್ಳುವ ಜಾಗದ ಬಗ್ಗೆ ಸ್ವಲ್ಪ ಯೋಚಿಸಿ. ಮೈಸೂರಿನಲ್ಲಿ ಸ್ಟಾಕ್ ಇಲ್ಲ ಅಂದರೆ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿಬರಬಹುದು, ಆದರೆ ಅಲ್ಲಿ ಬಿಲ್ ಇಲ್ಲದೆ ಸಾವಿರ ರೂಪಾಯಿ ಕಡಿಮೆ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ವಾರಂಟಿಗೆ ಜಿಎಸ್‌ಟಿ ಬಿಲ್ಲೇ ಆಧಾರ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನ ನಂಬರ್ ಮತ್ತು ಕಾರ್ಡಿನ ಹಿಂದಿನ ನಂಬರ್ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ನೋಡಿ, ಮೂರರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಆ ಕಾರ್ಡ್ ಕಂಪನಿಯ ಸರ್ವೀಸ್ ಸೆಂಟರ್ ಎಲ್ಲಿದೆ, ಕೊರಿಯರ್ ಖರ್ಚು ಯಾರದ್ದು ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಮನೆಗೆ ಬಂದ ಮೇಲೆ ಹಳೇ ಎನ್‌ವಿಡಿಯಾ ಅಥವಾ ಎಎಂಡಿ ಡ್ರೈವರ್ ತೆಗೆದು, ಇಂಟೆಲ್ ಸೈಟಿನಿಂದಲೇ ಹೊಸದನ್ನು ಇಳಿಸಿಕೊಳ್ಳಿ, ಡಬ್ಬಿಯಲ್ಲಿ ಸಿ.ಡಿ. ಬಂದಿದ್ದರೆ ಅದನ್ನು ಹಾಕಲು ಹೋಗಬೇಡಿ.